ಒಂದನೇ ಗೇರು ಬೀಳದ ಮೂರು ದಿನ

ಹುರುಳಿ ಬೆಂದಿತ್ತು. ಕಟ್ಟು ಬಸಿಯುತ್ತಿದ್ದ ವಸಂತಾಮಣಿಯ ಕೈ ಅಡುಗೆಮನೆಯಲ್ಲಿತ್ತು, ಕಿವಿ ಜಗಲಿಯಲ್ಲಿತ್ತು. ಜಗಲಿಯಲ್ಲಿ ಅವಳ ಗಂಡ ಮರುದಾಚಲಂ ಬಿಚ್ಚಿಟ್ಟ ಬೈಕಿನ ಎಂಜಿನ್ನಿನ ಮುಂದೆ ಕೂತು ಕೈಯಲ್ಲೇ ಗೇರು ಹಾಕಿ ನೋಡುತ್ತಿದ್ದ. ಕಟ್ ಅಂತು, ಎರಡನೇ ಗೇರು. ಕಟ್, ಮೂರು. ಕಟ್, ನಾಲ್ಕು. ಇನ್ನು ಹಿಂದಕ್ಕೆ ಬರುತ್ತಾನೆ, ಮೂರು, ಎರಡು, ಆಮೇಲೆ ಯಾವುದೂ ಅಲ್ಲದ ನ್ಯೂಟ್ರಲ್. ಅಲ್ಲಿ ಒಂದು ಗಳಿಗೆ ನಿಂತು ಉಸಿರು ಬಿಗಿಹಿಡಿಯುತ್ತಾನೆ. ಅಷ್ಟು ದೂರಕ್ಕೆ ಉಸಿರು ಕೇಳಿಸುವುದಿಲ್ಲ, ಆದರೂ ಅವಳಿಗೆ ಕೇಳಿಸಿತು. ಆಮೇಲೆ ಒಂದನೇ ಗೇರಿನ ಕಡೆಗೆ ತಿರುಗಿಸುತ್ತಾನೆ. ಟೊಕ್. ಕಟ್ ಅಲ್ಲ, ಟೊಕ್. ಮುಚ್ಚಿದ ಬಾಗಿಲಿಗೆ ಯಾರೋ ಹಣೆ ಕುಟ್ಟಿಕೊಂಡ ಹಾಗೆ. ಮಂಗಳವಾರ ಬೆಳಿಗ್ಗೆಯಿಂದ ಇವತ್ತು ಗುರುವಾರ ಹನ್ನೊಂದು ಗಂಟೆಯವರೆಗೆ ಆ ಟೊಕ್ಕನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಅವಳೊಳಗೆ ಎರಡು ಸಂಗತಿ ಒಟ್ಟಿಗೆ ಏಳುತ್ತಿದ್ದವು. ಒಂದು, ಅಯ್ಯೋ ಪಾಪ ಅನ್ನಿಸುವುದು. ಇನ್ನೊಂದು ಪಾಪಕ್ಕೆ ಪೂರಾ ವಿರುದ್ಧವಾದದ್ದು, ಕದ್ದು ಬೆಲ್ಲ ತಿಂದಂಥದ್ದು. ಅದು ತಲೆಯೆತ್ತಿದ ಕೂಡಲೇ ಅವಳು ಬಾಣಲೆಗೆ ಸಾಸಿವೆ ಹಾಕಿ ಆ ಸದ್ದಿನಲ್ಲಿ ಅದನ್ನು ಮುಳುಗಿಸಿಬಿಡುತ್ತಿದ್ದಳು.

"ಮಣೀ, ಸ್ವಲ್ಪ ಬರ್ತೀಯಾ?"

ಸ್ವಲ್ಪ! ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಈ ಮಂಗಳವಾರದಿಂದಲೇ. ಅದಕ್ಕೆ ಮೊದಲು 'ಏಯ್' ಇತ್ತು, 'ಎಲ್ಲಿ ಹಾಳಾಗೋದೆ' ಇತ್ತು, ಒಳ್ಳೆಯ ದಿನಗಳಲ್ಲಿ ಬರೀ ಒಂದು ಕೆಮ್ಮು ಇತ್ತು. ಪಂಪು ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಲೇತಿನ ಮುಂದೆ ನಿಂತವನು. ಕಣ್ಣಿಗೆ ಕಾಣದ ಏರುತಗ್ಗನ್ನು ಬೆರಳಿನಲ್ಲಿ ಸವರಿ ಹೇಳುತ್ತಿದ್ದ ಟರ್ನರು. ಆ ಬೆರಳು ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ದೋಸೆಯ ಅಂಚು ಒಂದು ಕಡೆ ದಪ್ಪ, ರಂಗೋಲಿಯ ಎಡಗಾಲು ಗಿಡ್ಡ, ಅಂಗಿಯ ಇಸ್ತ್ರಿ ಅರ್ಧ ಇಂಚು ಸೊಟ್ಟ. ಗೊತ್ತಾದದ್ದನ್ನು ಹೇಳದೆ ಬಿಟ್ಟವನಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ, ಇಡೀ ಕೊಯಮತ್ತೂರಿನಲ್ಲಿ ತಪ್ಪು ಹುಡುಕುವ ತನ್ನ ಕಣ್ಣಿಗೆ ಉಳಿದ ಒಂದೇ ಕಾರ್ಖಾನೆ ಅವಳ ಅಡುಗೆಮನೆ ಎಂಬಂತೆ ಬಾಗಿಲಿಗೆ ಒರಗಿ ನಿಲ್ಲತೊಡಗಿದಾಗ ಅವಳಿಗೆ ದಿಗಿಲಾಗಿತ್ತು. ಅದಕ್ಕೇ ಕಳೆದ ತಿಂಗಳು ಅವನು, ಮದುವೆಯಾದ ವರ್ಷ ಕೊಂಡ ಬೈಕಿನ ಎಂಜಿನ್ನನ್ನು ತಾನೇ ಬಿಚ್ಚಿ ಕಟ್ಟುತ್ತೇನೆ ಅಂದಾಗ ಅವಳು ಮನಸ್ಸಿನಲ್ಲೇ ಮರುದಮಲೆಯ ಮುರುಗನಿಗೆ ಕೈಮುಗಿದಿದ್ದಳು.

ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಗೋಣಿತಾಟಿನ ಮೇಲೆ ಎಂಜಿನ್ನಿನ ಅರ್ಧ ಹೋಳು, ಒಡೆದ ತೆಂಗಿನಕಾಯಿಯ ಹಾಗೆ ಬಾಯಿ ಮೇಲೆ ಮಾಡಿಕೊಂಡಿತ್ತು. ಅದರೊಳಗೆ ಎರಡು ಶಾಫ್ಟುಗಳು ನೆಟ್ಟಗೆ ನಿಂತಿದ್ದವು, ಒಂದರ ಹಲ್ಲುಚಕ್ರಗಳು ಇನ್ನೊಂದರ ಹಲ್ಲುಚಕ್ರಗಳನ್ನು ಕಚ್ಚಿಕೊಂಡು. ಪಕ್ಕದಲ್ಲಿ ಗೇರು ಬದಲಿಸುವ ಉರುಳೆ. ಅದರ ಮೈಮೇಲಿನ ಗೀರುಗಳಲ್ಲಿ ಕಾಲಿಟ್ಟುಕೊಂಡು ಚಕ್ರಗಳನ್ನು ಮೇಲೆ ಕೆಳಗೆ ಸರಿಸುವ ಕವಲುಗಳು. ಇದನ್ನೆಲ್ಲ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮದುವೆಗೆ ಮುಂಚೆ ಮೂರು ವರ್ಷ ಗ್ರೈಂಡರು ತಯಾರಿಸುವ ಶೆಡ್ಡಿನಲ್ಲಿ ಬೇರಿಂಗು ಕೂರಿಸುವ ಕೆಲಸ ಮಾಡಿದ್ದವಳಿಗೆ ನೋಡಿದರೆ ಸಾಕಿತ್ತು.

"ಒಂಬತ್ತು ಸಲ ಬಿಚ್ಚಿ ಹಾಕಿದೆ," ಅಂದ ಮರುದಾಚಲಂ. ಕನ್ನಡಕ ಹಣೆಯ ಮೇಲಿತ್ತು, ಮೂಗಿನ ತುದಿಯಲ್ಲಿ ಗ್ರೀಸು. "ಕವಲು ನೋಡ್ದೆ. ಉರುಳೆ ನೋಡ್ದೆ. ಎಲ್ಲ ಬುಕ್ಕಲ್ಲಿ ಬರ್ಕೊಂಡ ಹಾಗೇ ಇದೆ. ನಿನಗೇನನ್ಸುತ್ತೆ ಮಣಿ?"

ಮಗಳ ಮದುವೆಯ ಮಂಟಪ ಗೊತ್ತು ಮಾಡುವಾಗ ಕೇಳದ ಪ್ರಶ್ನೆ. ಗಣಪತಿ ಬಡಾವಣೆಯಲ್ಲಿ ಈ ಮನೆ ಕಟ್ಟಿಸುವಾಗ ಅಡುಗೆಮನೆ ಯಾವ ದಿಕ್ಕಿಗಿರಲಿ ಅಂತ ಮೇಸ್ತ್ರಿ ಕೂಡ ಅವಳನ್ನು ಕೇಳಿದ್ದ, ಗಂಡ ಕೇಳಿರಲಿಲ್ಲ. ಈಗ ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಮುಖವೆತ್ತಿ ಕಾಯುತ್ತಿದ್ದ. ಹೇಳಿಬಿಡಲೇ ಅನ್ನಿಸಿತು. ನಾಲಗೆಯ ತುದಿಗೆ ಬಂದದ್ದು ಬೇರೆಯೇ ಆಗಿ ಹೊರಬಿತ್ತು.

"ಹೊಟ್ಟೆ ಹಸ್ದಿರುತ್ತೆ ನಿಮಗೆ. ಊಟ ಮಾಡಿ ನೋಡಿದ್ರಾಯ್ತು."

"ಸರಿ," ಅಂದ ಅವನು. ಅಷ್ಟೇ. ವಾದವಿಲ್ಲ, ಏನಿಲ್ಲ. ಅವಳು ಒಳಗೆ ಬಂದು ಒಲೆಯ ಮುಂದೆ ನಿಂತು, ಸೌಟನ್ನು ಸುಮ್ಮನೆ ಕೈಯಲ್ಲಿ ಹಿಡಿದಳು.

ಸೋಮವಾರವೂ ಹೀಗೇ ಹನ್ನೊಂದು ಗಂಟೆ. ಹೇಳದೆ ಕೇಳದೆ ನಾದಿನಿ ದೈವಾನೈ ಗಂಡನನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದಳು, ಮೊಮ್ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರಕ್ಕೆ ಕರೆಯಲು, ಡಬ್ಬಿಯ ತುಂಬ ಕಜ್ಜಾಯ ತುಂಬಿಕೊಂಡು. ಮರುದಾಚಲಂ ಆಯಿಲ್ ಸೀಲು ತರಲು ಉಕ್ಕಡದ ಪೇಟೆಗೆ ಹೋಗಿದ್ದ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಒರೆಸಿ ಎಣ್ಣೆ ಹಚ್ಚಿದ ಎರಡೂ ಶಾಫ್ಟುಗಳು ಚಕ್ರಗಳ ಸಮೇತ ಮಲಗಿದ್ದವು. ಜಗಲಿಯ ಧೂಳಿನ ಒಂದು ಕಣ ಒಳಗೆ ಹೋದರೂ ಎಂಜಿನ್ ಮುಗಿಯಿತು ಅಂತ ಒಂದು ವಾರದಿಂದ ಮೇಜನ್ನು ಅವನು ವಶಪಡಿಸಿಕೊಂಡಿದ್ದ, ಗಂಡಹೆಂಡತಿ ನೆಲದಲ್ಲಿ ಕೂತು ಉಣ್ಣುತ್ತಿದ್ದರು. "ಏನತ್ತಿಗೆ ಇದು, ಊಟದ ಮೇಜಿನ ಮೇಲೆ ಬೈಕಿನ ಕರುಳು?" ಅಂತ ದೈವಾನೈ ಮೂಗು ಮುಚ್ಚಿಕೊಂಡು ಗಂಡನ ಜೊತೆ ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಆ ಮೂಗು ಮುಚ್ಚಿದ್ದೇ ಕಾರಣ. ಇಲ್ಲದಿದ್ದರೆ ವಸಂತಾಮಣಿ ಅಷ್ಟು ಅವಸರ ಮಾಡುತ್ತಿರಲಿಲ್ಲ. ಪೇಪರನ್ನು ನಾಲ್ಕು ಮೂಲೆ ಹಿಡಿದು ಎತ್ತಿ, ಪಕ್ಕದ ಮಂಚಕ್ಕೆ ದಾಟಿಸುವಷ್ಟರಲ್ಲಿ ಒಂದು ಮೂಲೆ ತಗ್ಗಿತು, ಒಂದು ಶಾಫ್ಟಿನ ತುದಿಯಿಂದ ತೆಳು ವಾಷರು, ಅದರ ಹಿಂದೆ ಎಲ್ಲಕ್ಕಿಂತ ದೊಡ್ಡ ಚಕ್ರ, ಅದರ ಹಿಂದೆ ಇನ್ನೊಂದು ತೆಳು ವಾಷರು, ಮುಂಗೈಯಿಂದ ಬಳೆ ಕಳಚಿದಂತೆ ಜಾರಿ ನೆಲಕ್ಕೆ ಬಿದ್ದವು. ಚಕ್ರ ಅಲ್ಲೇ ಕೂತಿತು. ಒಂದು ವಾಷರು ಮಾತ್ರ ಉರುಳಿಕೊಂಡು ಉರುಳಿಕೊಂಡು, ದಾರಿ ಗೊತ್ತಿದ್ದಂತೆ, ಗ್ರೈಂಡರಿನ ಅಡಿಗೆ ಹೋಗಿ ಮಲಗಿತು. ಹಿತ್ತಿಲಲ್ಲಿ ನೀರಿನ ಸದ್ದು ನಿಲ್ಲುವುದರೊಳಗೆ ಅವಳು ಪೊರಕೆಕಡ್ಡಿಯಿಂದ ಅದನ್ನು ಎಳೆದು, ಅಂಟಿದ್ದ ಹಿಟ್ಟನ್ನು ಸೆರಗಿನಲ್ಲಿ ಒರೆಸಿ, ತೆಳು, ದೊಡ್ಡದು, ತೆಳು ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಮೂರನ್ನೂ ತೂರಿಸಿದ್ದಳು. ಹಿಂದುಮುಂದಿನ ಸಾಲು ಸರಿಯಾಗಿತ್ತು. ಚಕ್ರಕ್ಕೆ ಎರಡು ಮುಖವಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ದೈವಾನೈ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಾಗ ಮೇಜಿನ ಮೇಲೆ ಬಾಳೆಲೆ ಬಿದ್ದಿತ್ತು. ಅವರು ಉಂಡು ಹೋದ ಮೇಲೆ, ಗಂಡ ಬರುವುದರೊಳಗೆ, ಪೇಪರು ಮೊದಲಿದ್ದ ಹಾಗೇ ಮೇಜಿಗೆ ಮರಳಿತು.

ಹೊಳೆದದ್ದು ಮಂಗಳವಾರ, ಮೊದಲ ಟೊಕ್ ಕೇಳಿದ ಮೇಲೆ. ಅವನು ಸ್ನಾನಕ್ಕೆ ಹೋದಾಗ ಜಗಲಿಗೆ ಹೋಗಿ ಬಗ್ಗಿ ನೋಡಿದಳು. ದೊಡ್ಡ ಚಕ್ರದ ಒಂದು ಮುಖದಲ್ಲಿ ಗುಳಿಗಳಿವೆ, ಇನ್ನೊಂದು ಬೋಳು. ಪಕ್ಕದ ಚಕ್ರದ ಮೈಯಿಂದ ಹೊರಚಾಚಿದ ಮೊಳೆಗಳು ಆ ಗುಳಿಗಳಲ್ಲಿ ಹೋಗಿ ಕೂರಬೇಕು, ಆಗ ಒಂದನೇ ಗೇರು. ಈಗ ಗುಳಿಗಳು ಆಚೆ ತಿರುಗಿ ಗೋಡೆ ನೋಡುತ್ತಿದ್ದವು, ಮೊಳೆಗಳು ಬೋಳು ಮುಖಕ್ಕೆ ಬಂದು ಕುಟ್ಟುತ್ತಿದ್ದವು. ಇಷ್ಟೇ. ಅವನು ಬಚ್ಚಲಿನಿಂದ ಬಂದ ಕೂಡಲೇ ಹೇಳುವುದು ಅಂತ ಬಾಗಿಲಲ್ಲೇ ನಿಂತಳು. ಅವನು ಬಂದ, ಟವೆಲ್ಲು ಹೆಗಲ ಮೇಲೆ, ಅವಳ ಮುಖ ನೋಡಿ, "ನಿನ್ನೆ ಹುರುಳಿ ರಸ ಚೆನ್ನಾಗಿತ್ತು ಮಣಿ," ಅಂದ.

ಅಲ್ಲಿಗೆ ಹೇಳುವುದು ನಿಂತುಹೋಯಿತು. ಸಂಜೆ ಹೇಳೋಣ ಅಂದುಕೊಂಡಳು. ಸಂಜೆ ಅವನು ತಾನು ಕುಡಿದ ಕಾಫಿ ಲೋಟವನ್ನು ತಾನೇ ತೊಳೆದು, ಎಲ್ಲಿ ಕವುಚಬೇಕು ಅಂತ ಗೊತ್ತಾಗದೆ ಕೈಯಲ್ಲಿ ಹಿಡಿದು ನಿಂತಿದ್ದ. ಆ ನಿಂತ ಭಂಗಿಗೆ ಅವಳಿಗೆ ನಗುವೂ ಬಂತು, ಎದೆಯೂ ತುಂಬಿತು. ಬುಧವಾರ ಮೇಜನ್ನು ತೊಳೆದು ಅವಳಿಗೂ ಒಂದು ಕುರ್ಚಿ ಎಳೆದು ಹಾಕಿದ. ಎದುರುಬದುರು ಕೂತು ಉಂಡರು, ಹೋಟೆಲಿನಲ್ಲಿ ಕೂತವರ ಹಾಗೆ, ಇಬ್ಬರಿಗೂ ನಾಚಿಕೆ. ಒಂದು ಚಕ್ರ ತಿರುಗಾಮುರುಗಾ ಕೂತದ್ದಕ್ಕೆ ಇಷ್ಟೆಲ್ಲ ಆಗುವುದಾದರೆ ಇನ್ನೂ ಎರಡು ಚಕ್ರ ತಿರುಗಿಸಿಟ್ಟರೆ ಹೇಗೆ ಅನ್ನಿಸಿ, ಅನ್ನಿಸಿದ್ದಕ್ಕೆ ಬೆಚ್ಚಿದಳು. ಇನ್ನೊಂದು ದಿನ ಇರಲಿ. ಬರೀ ಇನ್ನೊಂದು ದಿನ. ಸೌಟು ಹಿಡಿದುಕೊಂಡು ಆ ಇನ್ನೊಂದು ದಿನ ಇವತ್ತೇ ಅಂತ ಲೆಕ್ಕ ಹಾಕುತ್ತಿರುವಾಗ ಜಗಲಿಯಲ್ಲಿ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಅವನು ಯಾವಾಗಲೂ ಸ್ಪೀಕರು ಹಾಕಿಯೇ ಮಾತಾಡುವವನು.

"ಎಲ್ಲ ಸರಿ ಕೂತಿದೆ ಬಾಯ್. ಒಂದನೇದು ಮಾತ್ರ ಬೀಳಲ್ಲ."

ಆ ಕಡೆ ಉಕ್ಕಡದ ಮೆಕ್ಯಾನಿಕ್ ಖಾದರ್ ಬಾಯ್. "ಟರ್ನರಣ್ಣಾ, ಶಾಫ್ಟಿನ ಮೇಲಿನ ಚಕ್ರ ಏನಾದ್ರೂ ಕಳಚಿದ್ರಾ? ಉಲ್ಟಾ ಹೋಗಿರ್ಬೇಕು."

"ಇಲ್ಲ ಬಾಯ್. ಎರಡು ಶಾಫ್ಟನ್ನೂ ಹಾಗ್‌ಹಾಗೇ ಎತ್ತಿಟ್ಟಿದ್ದು. ಚಕ್ರ ಮುಟ್ಟೇ ಇಲ್ಲ ನಾನು."

"ಆಯ್ತು, ಮೂರು ಗಂಟೆಗೆ ಬರ್ತೀನಿ. ನೋಡಿದ್ರೆ ಒಂದು ನಿಮಿಷದ ಕೆಲಸ."

ಫೋನು ನಿಂತಿತು. ಆಮೇಲೆ ಏನೂ ಸದ್ದಿಲ್ಲ. ಕಟ್ ಇಲ್ಲ, ಟೊಕ್ ಕೂಡ ಇಲ್ಲ. ಅವಳು ಬಾಗಿಲಿಗೆ ಬಂದಳು. ಅವನು ಚಕ್ರಗಳ ಕಡೆ ನೋಡದೆ ಬೀದಿಯ ಕಡೆ ನೋಡುತ್ತ ಕೂತಿದ್ದ, ಬೆರಳು ಮಡಿಸುತ್ತ ಏನನ್ನೋ ಎಣಿಸುತ್ತಿದ್ದ.

"ಜ್ಞಾಪಕ ಸರಿಯಿದ್ಯಾ ಅಂತ ಗಾಂಧಿಪುರದಿಂದ ಸಿಂಗಾನಲ್ಲೂರು ತನಕ ಬಸ್ ಸ್ಟಾಪೆಲ್ಲಾ ಹೇಳಿ ನೋಡ್ದೆ," ಅಂದ, ತಿರುಗದೆಯೇ. "ಒಂದು ಬಿಟ್ಟುಹೋಯ್ತು. ಮಣಿ, ನಾನು ಚಕ್ರ ಮುಟ್ಟಿಲ್ಲ ತಾನೇ?"

"ಇಲ್ಲ."

"ನಿನಗೆ ಹೆಂಗೊತ್ತು? ನೀನು ಅಡುಗೆಮನೇಲಿದ್ದೆ. ಮುಟ್ಟಿ, ಕಳಚಿ, ತಿರುಗಿಸಿ ಹಾಕಿ, ಮರ್ತಿದ್ರೆ? ನಮ್ಮಪ್ಪನಿಗೂ ಮೊದಮೊದಲು ಹಿಂಗೇ ಆಗಿದ್ದು. ಸೈಕಲ್ ಸಂತೇಲಿ ಬಿಟ್ಟು ನಡ್ಕೊಂಡು ಬಂದು, ನಾನು ಸೈಕಲ್ ತಗೊಂಡೇ ಹೋಗಿರ್ಲಿಲ್ಲ ಅಂದ. ಆಣೆ ಮಾಡಿ ಹೇಳ್ದ." ಅವನು ಸೊಂಟದಿಂದ ಬೀರುವಿನ ಬೀಗದ ಕೈ ಬಿಚ್ಚಿ ಅವಳ ಕಡೆ ಚಾಚಿದ. "ಇದು ನೀನಿಟ್ಕೊ. ಎಲ್ಲಿಟ್ಟೆ ಅಂತ ಮುಂದೆ ನನ್ನ ಕೇಳ್ಬೇಡ."

ಮಂಗಳವಾರದಿಂದ ತಾನು ಬೆಲ್ಲದ ಹಾಗೆ ಬಾಯಲ್ಲಿಟ್ಟು ಚೀಪುತ್ತಿದ್ದದ್ದು ಏನು ಎಂಬುದು ಆಗ ಅವಳಿಗೆ ಕಂಡಿತು. ಅವನು ಒಳ್ಳೆಯವನಾಗಿ ಬದಲಾಗಿರಲಿಲ್ಲ. ಹೆದರಿದ್ದ. ಕುರ್ಚಿ ಎಳೆದು ಹಾಕಿದ್ದು, ರಸ ಹೊಗಳಿದ್ದು, ಲೋಟ ತೊಳೆದದ್ದು, ಎಲ್ಲ ಇನ್ನು ಮುಂದೆ ಅವಳ ಕೈಕೆಳಗೆ ಬದುಕಬೇಕಾದವನ ತಯಾರಿ. ಮಾವನ ಕೊನೆಯ ನಾಲ್ಕು ವರ್ಷ ಅವಳೇ ಅವರಿಗೆ ಉಣ್ಣಿಸಿದ್ದಳು. ತುತ್ತು ಬಾಯಿಗಿಟ್ಟಾಗ ಅವರೂ ಹೀಗೇ, ಗುರುತಿಲ್ಲದ ಹೆಂಗಸಿನ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ, ಅಡುಗೆ ಚೆನ್ನಾಗಿದೆ ಅಮ್ಮ ಅನ್ನುತ್ತಿದ್ದರು. ಮೂರು ಗಂಟೆಗೆ ಖಾದರ್ ಬಾಯ್ ಬರುತ್ತಾನೆ, ಒಂದು ನಿಮಿಷ ನೋಡುತ್ತಾನೆ, ಚಕ್ರ ಉಲ್ಟಾ ಅಣ್ಣಾ ಅನ್ನುತ್ತಾನೆ. ಆ ಮಾತು ಅವನ ಬಾಯಿಂದ ಬಿದ್ದರೆ ಇವನು ಮತ್ತೆ ಏಳುವುದಿಲ್ಲ.

"ರೀ," ಅಂದಳು. "ಆ ದೊಡ್ಡ ಚಕ್ರ ಉಲ್ಟಾ ಹಾಕಿದ್ದು ನಾನು."

ಅವನು ತಿರುಗಿ ಅವಳನ್ನು ನೋಡಿದ. ಆ ನೋಟದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ನಮ್ಮಮ್ಮಾನೂ ಹಿಂಗೇ ಮಾಡೋಳು," ಅಂದ. "ಅಪ್ಪ ಚಪ್ಪಲಿ ತಗೊಂಡೋಗಿ ಅಕ್ಕಿ ಡಬ್ಬೀಲಿ ಇಟ್ರೆ, ಅಯ್ಯೋ ನಾನೇ ಇಟ್ಟೆ ಅನ್ನೋಳು. ಬೇಡ ಮಣಿ. ನನ್ನ ಸಮಾಧಾನಕ್ಕೆ ನೀನು ಸುಳ್ಳು ಹೇಳ್ಬೇಡ."

"ಸುಳ್ಳಲ್ಲ ರೀ! ಸೋಮವಾರ ದೈವಾನೈ ಬಂದಿದ್ಲಲ್ಲ, ಪೇಪರು ಎತ್ತಿದೆ, ಜಾರಿ ಬಿತ್ತು—"

"ಆಯ್ತು, ಆಯ್ತು. ನೀನೇ ಮಾಡಿದೆ. ಹೋಗು, ಊಟಕ್ಕೆ ಹಾಕು."

ಮೂರು ದಿನ ಹೊತ್ತು ತಿರುಗಿದ ತಪ್ಪನ್ನು ಇಳಿಸಿದರೆ ತೆಗೆದುಕೊಳ್ಳುವವರೇ ಇಲ್ಲ. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ದೋಸೆ ದಪ್ಪವಾದರೆ ಅದು ಅವಳದು, ರಂಗೋಲಿ ಗಿಡ್ಡವಾದರೆ ಅವಳದು, ಇಸ್ತ್ರಿ ಸೊಟ್ಟವಾದರೆ ಅವಳದು. ನಿಜವಾಗಿ, ಖುದ್ದಾಗಿ, ತನ್ನ ಎರಡೂ ಕೈಯಿಂದ ಮಾಡಿದ ಒಂದೇ ಒಂದು ದೊಡ್ಡ ತಪ್ಪು, ಅದು ಮಾತ್ರ ಅವಳದಲ್ಲವಂತೆ. ದಡದಡನೆ ಹಿತ್ತಿಲಿಗೆ ಹೋದಳು. ಬಚ್ಚಲ ಮೂಲೆಯಲ್ಲಿ ಬಕೀಟಿನ ಅಡಿಯಲ್ಲಿ ಮುಚ್ಚಿಟ್ಟಿದ್ದ ಸೋಮವಾರದ ಹಳದಿ ಸೀರೆಯನ್ನು ಎಳೆದು ತಂದು ಅವನ ಮಡಿಲಿಗೆ ಹಾಕಿ, ಸೆರಗು ಬಿಡಿಸಿ ತೋರಿಸಿದಳು. ಹಳದಿಯ ಮೇಲೆ ಕಪ್ಪು ಎಣ್ಣೆಯ ದುಂಡು ಬಳೆ, ತೆಳ್ಳಗೆ, ಅಚ್ಚೊತ್ತಿದ ಹಾಗೆ. ಬಳೆಯ ನಡುವೆ ಒಣಗಿದ ಅಕ್ಕಿಹಿಟ್ಟು.

"ಗ್ರೈಂಡರ್ ಕೆಳಗೆ ಓಡೋಯ್ತು ನಿಮ್ಮ ವಾಷರು. ಪೊರಕೆಕಡ್ಡೀಲಿ ಎಳ್ದೆ. ಇಲ್ಲಿ ಒರ್ಸಿದೆ. ಇದನ್ನೂ ನಿಮ್ಮ ಸಮಾಧಾನಕ್ಕೆ ಮಾಡಿದ್ನಾ? ಚಕ್ರ ನೋಡಿ ಮೊದ್ಲು! ಗುಳಿ ಯಾವ ಕಡೆಗಿದೆ? ಆ ಮೊಳೆ ಎಲ್ಲೋಗಿ ಕೂರ್ಬೇಕು? ಮೂವತ್ತನಾಲ್ಕು ವರ್ಷ ಏನ್ ಟರ್ನರ್ ಕೆಲ್ಸ ಮಾಡಿದ್ರೀ ನೀವು?"

ಅವನು ಸೀರೆಯನ್ನು ನೋಡಿದ. ಅವಳನ್ನು ನೋಡಿದ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ. ಕವಲುಗಳ ಸರಳು ಎಳೆದ, ಕವಲು ಬಿಡಿಸಿದ, ಉರುಳೆ ತೆಗೆದ. ಎರಡು ಶಾಫ್ಟನ್ನೂ ಜೋಡಿಯಾಗಿಯೇ ಎತ್ತಬೇಕು, ಒಂದನ್ನೇ ಎತ್ತಿದರೆ ಇನ್ನೊಂದು ಬಿಡುವುದಿಲ್ಲ. ಅವಳು ಕೇಳದೆಯೇ ಬಗ್ಗಿ ಒಂದನ್ನು ಹಿಡಿದಳು, ಇಬ್ಬರೂ ಒಟ್ಟಿಗೆ ಎತ್ತಿದರು. ತುದಿಯ ತೆಳು ವಾಷರು ಬಿಡಿಸಿ ಸೀರೆಯ ಕಲೆಯ ಮೇಲಿಟ್ಟ. ಸರಿಯಾಗಿ ಕೂತಿತು. ಕಲೆ ಪೂರಾ ಮುಚ್ಚಿಹೋಯಿತು. ದೊಡ್ಡ ಚಕ್ರ ತೆಗೆದು ಕೈಯಲ್ಲಿ ಮಗುಚಿದ, ಬೆರಳಿನಿಂದ ಗುಳಿಗಳನ್ನು ಸವರಿದ, ಒಳಮುಖ ಮಾಡಿ ಹಾಕಿ, ಮತ್ತೆ ವಾಷರು ತೂರಿಸಿದ. ಶಾಫ್ಟು ಇಳಿದವು, ಉರುಳೆ ಕೂತಿತು, ಕವಲು, ಸರಳು. ನ್ಯೂಟ್ರಲಿನಲ್ಲಿ ಒಂದು ಗಳಿಗೆ ನಿಂತ. ಈ ಸಲ ಉಸಿರು ಬಿಗಿಹಿಡಿದದ್ದು ಇಬ್ಬರೂ.

ಕಟ್.

ಹಿಂದಕ್ಕೆ. ಮತ್ತೆ ಕಟ್. ಹತ್ತು ಸಲ ಹಾಕಿದ, ಹತ್ತು ಸಲವೂ ಬಿತ್ತು. ಆಮೇಲೆ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಭುಜ ಅಲುಗುವುದು ಕಂಡಿತು. ಅವಳು ಹತ್ತಿರ ಹೋಗಲೋ ಬೇಡವೋ ಅಂತ ನಿಂತಿದ್ದಾಗ ಅವನು ಕೈ ತೆಗೆದ. ಗ್ರೀಸು ಹಣೆಯಿಂದ ಗಲ್ಲದವರೆಗೆ ಬಳಿದುಕೊಂಡಿತ್ತು, ಅದರ ನಡುವೆ ಎರಡು ಕಣ್ಣು.

"ಏಯ್!" ಅಂದ. "ನಿನಗೆ ಮುಟ್ಟೋಕೆ ಹೇಳಿದ್ಯಾರೇ?"

ಹಳೆಯ ದನಿ. ಗೋಡೆಯಾಚೆಯ ರಂಗನಾಯಕಿ ಅಕ್ಕನ ಕೋಳಿಗಳು ಗಾಬರಿಯಾಗಿ ರೆಕ್ಕೆ ಬಡಿದವು. ವಸಂತಾಮಣಿ ತಲೆ ತಗ್ಗಿಸಿದಳು, ಅಭ್ಯಾಸಬಲ.

"ಮೂರು ದಿನ! ಮೂರು ದಿನ ಬಾಯಿ ಮುಚ್ಕೊಂಡು ನನ್ನ ಆಟ ನೋಡಿದೀಯ! ಇವತ್ತಿಂದಲ್ಲ ನಿಂದು. ತೊಂಬತ್ತಾರನೇ ಇಸವಿ, ಪೊಂಗಲ್ ಮಾರನೇ ದಿನ, ನನ್ನ ಮೈಕ್ರೋಮೀಟರಲ್ಲಿ ಹಪ್ಪಳದ ದಪ್ಪ ಅಳೆದವಳು ನೀನು! ಎರಡು ಸಾವಿರದ ಮೂರು, ನಿನ್ನ ತಮ್ಮನ ಮದುವೆಗೆ ಹೊರಟಾಗ ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದೆ. ಬೆಳಿಗ್ಗೆ ಐದೂಕಾಲು. ರೇಷ್ಮೆ ಪಂಚೆ ಉಟ್ಕೊಂಡು ಹೆಂಚು ತೆಗೆದು ಇಳಿದವನು ನಾನು. ಏಳು ಹೆಂಚು!"

ಏಳು ಹೆಂಚು. ಅವಳ ತಗ್ಗಿದ ತಲೆ ಮೆಲ್ಲಗೆ ಮೇಲೆದ್ದಿತು. ಬೈಗುಳ ಬೀಳುತ್ತಿತ್ತು, ಇಸವಿ ಸಮೇತ, ಗಂಟೆ ಸಮೇತ, ಒಂದೂ ಸವೆಯದೆ, ಒಂದೂ ತುಕ್ಕು ಹಿಡಿಯದೆ. ಯಾವ ಸೀಮೆಯ ಮರೆವು ಇದು? ಅವಳೊಳಗೆ ಏನೋ ಸಡಿಲವಾಗಿ ನಗು ಮೇಲೇರತೊಡಗಿತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬೇಕೆಂದೇ, ಸಣ್ಣ ದನಿಯಲ್ಲಿ ಎಳೆ ಬಿಟ್ಟಳು.

"ಪಳನಿಗೆ ಹೋಗೋವಾಗ ಬಸ್ಸಲ್ಲಿ ಟಿಫಿನ್ ಕ್ಯಾರಿಯರ್ ಬಿಟ್ಟಿದ್ದೂ ನಾನೇ ತಾನೇ?"

"ಪಳನಿ ಎಲ್ಲೇ! ಭವಾನಿ! ಆಡಿ ಹದಿನೆಂಟರ ಹಬ್ಬದ ದಿನ! ಮೂರಡುಕಿನ ಕ್ಯಾರಿಯರ್, ಮೇಲಿನದರಲ್ಲಿ ಹುಣಸೆ ಅನ್ನ, ನಡುವೆ ಮೊಸರನ್ನ, ಕೆಳಗಿನದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ. ನಿನ್ನ ಪಕ್ಕದ ಸೀಟಿನ ಹೆಂಗಸಿನ ಕೈಲಿ ಪಂಜರದ ಗಿಣಿ ಇತ್ತು. ನೀನು ಗಿಣಿ ನೋಡ್ತಾ ಇಳಿದುಬಿಟ್ಟೆ!"

"ಗಿಣಿ ಇತ್ತಾ?" ಅಂದಳು ಅವಳು. ನಿಜಕ್ಕೂ ಅವಳಿಗೆ ನೆನಪಿರಲಿಲ್ಲ.

"ಇತ್ತಾ ಅಂತೆ! ಹಸಿರು ಗಿಣಿ! ಒಂದು ಕಣ್ಣು ಕುರುಡು!"

"ಏನಣ್ಣಾ," ಅಂತ ಗೇಟಿನ ಕಡೆಯಿಂದ ದನಿ ಬಂತು. ಖಾದರ್ ಬಾಯ್ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಸಾಮಾನಿನ ಚೀಲ ಹಿಡಿದು, ಎಷ್ಟು ಹೊತ್ತಿನಿಂದಲೋ ನಿಂತಿದ್ದ. ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದ. "ನನ್ನ ಮದುವೆ ತಾರೀಕೇ ನನಗೆ ನೆನಪಿಲ್ಲ. ನೀವು ಬಸ್ಸಿನ ಗಿಣೀದು ಕಣ್ಣು ನೆನಪಿಟ್ಕೊಂಡಿದೀರಾ?"

ಮರುದಾಚಲಂನ ಎತ್ತಿದ ಬೆರಳು ಗಾಳಿಯಲ್ಲೇ ಉಳಿಯಿತು. ಖಾದರ್ ಬಾಯ್‌ನನ್ನು ನೋಡಿದ, ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಹೊಟ್ಟೆ ಕುಲುಕುತ್ತಿತ್ತು. ಗ್ರೀಸು ಮೆತ್ತಿದ ಅವನ ಕಪ್ಪು ಮುಖದ ಮೇಲೆ ನಗುವೊಂದು ನಿಧಾನವಾಗಿ, ಮೂಲೆಯಿಂದ ಮೂಲೆಗೆ, ಹರಡಿತು. ಅವನು ಎದೆ ಸೆಟೆಸಿ, ಮಣೆಯನ್ನು ಕಾಲಿನಿಂದ ಖಾದರ್ ಬಾಯ್ ಕಡೆಗೆ ತಳ್ಳಿದ.

"ಕೂತ್ಕೊ ಬಾಯ್," ಅಂದ. "ಇನ್ನೂ ಇದೆ."